ನೇಪಾಳಕ್ಕೆ ಹೋದ ಕೆಂಪು ಬನಿಯನ್ನು

ಹೊಳೆನರಸೀಪುರದ ಡಿಪೋದಲ್ಲಿ ನಾನು ಇಪ್ಪತ್ತೇಳು ವರ್ಷ ಕಂಡಕ್ಟರಾಗಿದ್ದೆ. ಆ ಇಪ್ಪತ್ತೇಳು ವರ್ಷ ಜನರ ಮುಖಕ್ಕಿಂತ ಹೆಚ್ಚಾಗಿ ಅವರು ದುಡ್ಡು ತೆಗೆಯುವ ಜಾಗಗಳನ್ನೇ ನೋಡಿದ್ದೇನೆ. ಹಾಸನದ ಕೋರ್ಟಿಗೆ ಹೋಗುವ ವಕೀಲರು ಕೋಟಿನ ಒಳಜೇಬಿನಿಂದ ತೆಗೆಯುತ್ತಿದ್ದರು. ಬಾಗೂರಿನ ಕಡೆಯ ರೈತರು ಪಂಚೆ ಮೇಲೆತ್ತಿ ಪಟಾಪಟಿ ಚಡ್ಡಿಯ ಜೇಬಿಗೆ ಕೈ ಹಾಕುತ್ತಿದ್ದರು. ಕಟ್ಟಾಯದಲ್ಲಿ ಹತ್ತಿದ ಹೆಂಗಸರು ಕಿಟಕಿಯ ಕಡೆ ತಿರುಗಿ ಕುಳಿತರೆ ಆಗ ನಾನು ಬಸ್ಸಿನ ಸೂರು ನೋಡಬೇಕು ಎನ್ನುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದೆ. ಅರಕಲಗೂಡಿನ ಒಬ್ಬ ಅಜ್ಜಿ ಎಲೆಅಡಿಕೆ ಚೀಲದಿಂದ ತೆಗೆದುಕೊಡುತ್ತಿದ್ದ ನೋಟಿಗೆ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು. ಇಷ್ಟೆಲ್ಲ ನೋಡಿದ ಮೇಲೆ, ದುಡ್ಡನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ನನಗೆ ಹೇಳಿಕೊಡುವವರು ಹಾಸನ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ.

ಹಾಗೆಯೇ ಅಂದುಕೊಂಡಿದ್ದ ಇನ್ನೊಬ್ಬರು ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನಗಿಂತ ಆರು ವರ್ಷ ದೊಡ್ಡವರು. ನಾನು ಅವರನ್ನು 'ಅಣ್ಣ' ಎನ್ನುತ್ತಿದ್ದೆ, ಅವರು ನನ್ನನ್ನು 'ಕಂಡಕ್ಟ್ರೇ' ಎನ್ನುತ್ತಿದ್ದರು. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿರಬೇಕು, ಅವರ ಸಂಬಳ ಹಾಸನದ ಬ್ಯಾಂಕೊಂದಕ್ಕೆ ಬೀಳತೊಡಗಿ ಅವರಿಗೊಂದು ಎಟಿಎಂ ಕಾರ್ಡು ಬಂತು. ನಮ್ಮ ಬಳಗದಲ್ಲಿ ಅದೇ ಮೊದಲನೆಯ ಕಾರ್ಡು. ಪ್ರತಿ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಮೇಷ್ಟ್ರು ಬಸ್ಸು ಹತ್ತಿ ಹಾಸನಕ್ಕೆ ಹೋಗಿ, ಮಿಷನ್ನಿನಿಂದ ನೂರು ರೂಪಾಯಿ ತೆಗೆದು, ಮತ್ತೆ ಬಸ್ಸು ಹತ್ತಿ ಬರುತ್ತಿದ್ದರು.

"ನೂರು ರೂಪಾಯಿ ತರಾಕೆ ಬಸ್ ಚಾರ್ಜು ಎಷ್ಟಾಯ್ತದೆ ಅಣ್ಣ?" ಎಂದು ಒಮ್ಮೆ ನನ್ನ ಬಸ್ಸಿನಲ್ಲೇ ಟಿಕೆಟ್ ಹರಿಯುತ್ತ ಕೇಳಿದೆ.

"ಅದು ಬೇರೆ ಲೆಕ್ಕ ಕಣ್ರೀ. ಆಗಾಗ ಓಗ್ತಾ ಬರ್ತಾ ಇರ್ಬೇಕು. ಮಿಷನ್ನು ನಮ್ಮುನ್ನ ಮರೀಬಾರ್ದು" ಎಂದರು. ತಮಾಷೆಗೆ ಹೇಳಿದ್ದಲ್ಲ.

ನೇಪಾಳದ ಮಾತು ತೆಗೆದದ್ದು ಮೇಷ್ಟ್ರ ಹೆಂಡತಿ. ಅವರ ಬೀದಿಯ ಒಬ್ಬ ಇಂಜಿನಿಯರ್ ಕುಟುಂಬ ಸಿಂಗಪುರಕ್ಕೆ ಹೋಗಿಬಂದು, ಅಲ್ಲಿಂದ ತಂದ ಚಾಕಲೇಟನ್ನು ಮನೆಗೆ ಎರಡೆರಡರಂತೆ ಹಂಚಿದ್ದರು. ಆ ಚಾಕಲೇಟು ತಿಂದ ಮೇಲೆ ಅವರಿಗೆ ನೆಮ್ಮದಿ ಇರಲಿಲ್ಲ. ಪಾಸ್‌ಪೋರ್ಟು ಬೇಡ, ವಿಮಾನ ಬೇಡ, ವೋಟಿನ ಕಾರ್ಡು ತೋರಿಸಿದರೆ ಸಾಕು, ಪಶುಪತಿನಾಥನ ದರ್ಶನವೂ ಆಗುತ್ತದೆ, ಫಾರಿನ್ನೂ ಆಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಬೇಸಿಗೆ ರಜೆಗೆ ನಾವು ನಾಲ್ಕು ಜನ ಹೊರಡುವುದೆಂದು ತೀರ್ಮಾನವಾಯಿತು. ಬೆಂಗಳೂರಿನಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಗಡಿ, ಗಡಿಯಿಂದ ಕಾಠ್ಮಂಡುವಿಗೆ ಬಸ್ಸು.

ದುಡ್ಡಿನ ವಿಷಯ ಗೊತ್ತಾಗಿದ್ದು ಹಿರೀಸಾವೆಯಲ್ಲಿ. ನಮ್ಮ ಬೆಂಗಳೂರು ಬಸ್ಸು ಕಾಫಿಗೆ ನಿಲ್ಲುತ್ತಿದ್ದ ಹೋಟೆಲಿನ ಯಜಮಾನರಿಗೆ ನಾನು ನೇಪಾಳಕ್ಕೆ ಹೋಗುವ ಸುದ್ದಿಯನ್ನು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವರು ಗಲ್ಲಾದಲ್ಲಿ ಕುಳಿತು ಕೇಳಿಸಿಕೊಂಡು, "ಐನೂರರ ನೋಟು ತಗಂಡೋಗ್ಬ್ಯಾಡಿ ಸಾ" ಎಂದರು. "ಅಲ್ಲಿ ನಮ್ಮ ನೂರರ ನೋಟು ಓಡ್ತದೆ. ಐನೂರು ಕಂಡ್ರೆ ಇಡ್ಕತಾರೆ. ನಮ್ಮ ಬಾಮೈದ ಆ ಕಡೀಕೆ ಲಾರಿ ತಗಂಡೋಗಿದ್ದ. ಜೇಬಲ್ಲಿ ಒಂದು ಐನೂರು ಸಿಕ್ತು ಅಂತ ಅರ್ಧ ದಿನ ಕೂರ್ಸ್ಬುಟ್ರಂತೆ."

ಮೇಷ್ಟ್ರು ನಂಬಲಿಲ್ಲ. ಒಂದೇ ಸರ್ಕಾರ ಅಚ್ಚು ಹಾಕಿದ ಎರಡು ನೋಟಿನಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಹೇಗಾಗುತ್ತದೆ ಎಂದು ವಾದ ಮಾಡಿದರು. ನಾನು ಹೊಳೆನರಸೀಪುರದ ಬ್ಯಾಂಕಿನಲ್ಲಿ ಕೇಳಿದೆ. ಅಲ್ಲಿನವರಿಗೂ ಗೊತ್ತಿರಲಿಲ್ಲ. ಹಾಸನಕ್ಕೆ ಫೋನ್ ಮಾಡಿದರು, ಹಾಸನದವರು ಇನ್ನೆಲ್ಲಿಗೋ ಮಾಡಿದರು. ಎರಡು ದಿನದ ಮೇಲೆ ಉತ್ತರ ಬಂತು: ಲಾರಿಯ ಬಾಮೈದ ಹೇಳಿದ್ದೇ ಸರಿ, ನೂರು ಮತ್ತು ಅದಕ್ಕಿಂತ ಕಡಿಮೆಯವು ಮಾತ್ರ.

ಮೇಷ್ಟ್ರು ಇದರಿಂದ ಕುಗ್ಗುವ ಬದಲು ಹಿಗ್ಗಿದರು. ತಮ್ಮ ಕಾರ್ಡನ್ನು ತೆಗೆದು, ಅದರ ಮೇಲಿನ ಇಂಗ್ಲಿಷಿನ ಸಣ್ಣ ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಿದರು. ಭಾರತ ಮತ್ತು ನೇಪಾಳದಲ್ಲಿ ಮಾತ್ರ ನಡೆಯುತ್ತದೆ ಎಂದು ನಿಜವಾಗಿಯೂ ಬರೆದಿತ್ತು.

"ನಾವು ಓಗೋದು ಇವ್ರಿಗೆ ಮೊದ್ಲೇ ಗೊತ್ತಿತ್ತು ನೋಡಿ. ನಾನು ಎರಡು ಸಾವ್ರ ಕೈಯಲ್ಲಿ ಇಟ್ಕತೀನಿ. ಮಿಕ್ಕಿದ್ದು ಅಲ್ಲೇ ಮಿಷನ್ನಲ್ಲಿ ತಗೋತೀನಿ. ನೀವು ಬೇಕಾದ್ರೆ ಮೂಟೆ ಕಟ್ಕಳಿ" ಎಂದರು.

ಮೂಟೆ ಎಂದದ್ದು ನನಗೆ ನಾಟಿತು. ಮೂವತ್ತು ಸಾವಿರ ರೂಪಾಯಿಯನ್ನು ನೂರರ ನೋಟುಗಳಲ್ಲೇ ತಂದೆ. ಮೂರು ಕಟ್ಟು. ನನ್ನ ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವಳಿಗೆ ಹೇಳಿ ಅಂಗಿಯ ಒಳಗೆ ಹಾಕಿಕೊಳ್ಳುವಂಥ, ಹೊಟ್ಟೆಯ ಮೇಲೆ ನಾಲ್ಕು ಜೇಬಿರುವ ಒಂದು ಬನಿಯನ್ನು ಹೊಲಿಸಿದೆ. ಕಟ್ಟಾಯದ ಒಂದು ಮದುವೆಯ ರವಿಕೆಗಳಿಗೆ ತಂದು ಮಿಕ್ಕಿದ್ದ ಕೆಂಪು ಲೈನಿಂಗ್ ಬಟ್ಟೆಯಲ್ಲಿ ಹೊಲಿದಳು. ರವಿಕೆ ಹೊಲಿದ ಕೈ, ಆದ್ದರಿಂದ ಕತ್ತಿನಿಂದ ಸೊಂಟದವರೆಗೆ ಎಂಟು ಹುಕ್ಕು ಇಟ್ಟಳು. ಜೇಬುಗಳಿಗೆ ಬೇರೆ ಒಂದೊಂದು ಪಿನ್ನು.

"ಎಲ್ಲಾ ನಿಮ್ಮ ಮೈ ಮ್ಯಾಲೇ ಯಾಕ್ರೀ?" ಎಂದಳು. "ನಾಲ್ಕು ಜನ ಅಂಚ್ಕಳಾನ. ಕಳ್ಳ ಬಂದ್ರೆ ನಾಲ್ಕು ಕಡೆ ಹುಡುಕೋ ಕಷ್ಟ ಅವನಿಗ್ಯಾಕೆ ಅಂತಲಾ?"

"ದಿವ್ಸಾ ಅಷ್ಟು ಜನದ ಮಧ್ಯೆ ಬ್ಯಾಗು ತಗಲಾಕ್ಕಂಡು ನಿಂತೋನು ಕಣೇ ನಾನು. ಒಂದ್ ರೂಪಾಯಿ ಓಗಿಲ್ಲ."

"ಆ ಬ್ಯಾಗಲ್ಲಿ ಬರೀ ಚಿಲ್ರೆ ಅಂತ ಕಳ್ಳರಿಗೂ ಗೊತ್ತು."

ಆದರೂ ಮೂರೂ ಕಟ್ಟು ನನ್ನ ಹೊಟ್ಟೆಯ ಮೇಲೇ ಕುಳಿತವು. ಹೊರಗಿನ ಜೇಬಿನಲ್ಲಿ ಇನ್ನೂರು ರೂಪಾಯಿಗಿಂತ ಹೆಚ್ಚು ಇಡಬಾರದು, ಅದು ಮುಗಿದರೆ ಮಾತ್ರ ಒಳಗಿನದನ್ನು ಮುಟ್ಟಬೇಕು ಎಂದು ನನಗೆ ನಾನೇ ಒಂದು ಕಾನೂನು ಮಾಡಿಕೊಂಡೆ.

ಮೇ ತಿಂಗಳ ಬಿಸಿಲಿನಲ್ಲಿ ಎರಡೂವರೆ ದಿನದ ರೈಲು. ನಾಗಪುರ ದಾಟುವ ಹೊತ್ತಿಗೆ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಉಳಿದ ಮೂವರು ತೆಳ್ಳನೆಯ ಬಟ್ಟೆ ಹಾಕಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದರೆ ನಾನು ಅಂಗಿಯ ಒಳಗೆ ಬನಿಯನ್ನು, ಬನಿಯನ್ನಿನೊಳಗೆ ಮುನ್ನೂರು ನೋಟು, ಅದರ ಮೇಲೆ ಎರಡೂ ಕೈ ಕಟ್ಟಿಕೊಂಡು ಕೂತಲ್ಲೇ ನಿದ್ದೆ ಮಾಡುತ್ತಿದ್ದೆ. ಗೋರಖಪುರಕ್ಕೆ ಇಳಿಯುವವರೆಗೂ ಅದನ್ನು ಬಿಚ್ಚಲಿಲ್ಲ, ಸ್ನಾನವನ್ನೂ ಮಾಡಲಿಲ್ಲ. ಎದುರು ಸೀಟಿನಲ್ಲಿದ್ದ ಒಂದು ಸಂಸಾರ ಎರಡನೆಯ ದಿನ ನಮ್ಮನ್ನು ಬಿಟ್ಟು ಬೇರೆ ಕಡೆ ಜಾಗ ಹುಡುಕಿಕೊಂಡು ಹೋಯಿತು.

ಗಡಿ ದಾಟಿದ್ದು ಸೈಕಲ್ ರಿಕ್ಷಾದಲ್ಲಿ. ಫಾರಿನ್ನು ಇಷ್ಟು ಹತ್ತಿರ ಇರುತ್ತದೆ ಎಂದು ಮೇಷ್ಟ್ರ ಹೆಂಡತಿ ಅಂದುಕೊಂಡಿರಲಿಲ್ಲ. ದೊಡ್ಡ ಕಮಾನಿನ ಆಚೆ ಇಳಿದು ಒಂದು ಟೀ ಅಂಗಡಿಯಲ್ಲಿ ಕುಳಿತೆವು. ಅಲ್ಲಿ ದುಡ್ಡು ಎರಡು ಥರ. ನಮ್ಮ ದೇಶದ್ದಕ್ಕೆ ಐಸಿ ಎನ್ನುತ್ತಾರೆ, ಅವರದಕ್ಕೆ ಎನ್‌ಸಿ. ನಮ್ಮ ನೂರು ಕೊಟ್ಟರೆ ಅವರದು ನೂರ ಅರವತ್ತು. ಇದೆಲ್ಲ ನಮಗೆ ಆಮೇಲೆ ಗೊತ್ತಾಯಿತು. ಆಗ ಅಂಗಡಿಯವನು ಟೀ ತಂದಿಟ್ಟು, "ಐಸೀ?" ಎಂದು ಕೇಳಿದ.

"ಐಸ್ ಬ್ಯಾಡಪ್ಪ, ಬಿಸೀದೇ ಇರ್ಲಿ" ಎಂದರು ಮೇಷ್ಟ್ರ ಹೆಂಡತಿ.

ಅವನು ಮತ್ತೆ ಕೇಳಿದ. ಇವರು ಮತ್ತೆ ಬೇಡವೆಂದರು. ಕೊನೆಗೆ ನಾನು ಲೋಟಕ್ಕೆ ಹತ್ತು ರೂಪಾಯಿಯಂತೆ ನಮ್ಮ ದುಡ್ಡೇ ಕೊಟ್ಟೆ, ಅವನು ಸುಮ್ಮನೆ ತೆಗೆದುಕೊಂಡ. ಅವನು ಹೇಳಿದ್ದು ಅವರ ಹತ್ತು ರೂಪಾಯಿ. ಚಿಲ್ಲರೆಯ ವಿಷಯದಲ್ಲಿ ಇಪ್ಪತ್ತೇಳು ವರ್ಷ ಯಾರಿಂದಲೂ ಏಮಾರದಿದ್ದವನು ವಿದೇಶಕ್ಕೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ನಾಲ್ಕು ಲೋಟ ಟೀಗೆ ಏಮಾರಿದೆ. ಮೇಷ್ಟ್ರು ಹದಿನಾರೊಂದಲೆ ಹದಿನಾರು, ಹದಿನಾರೆರಡಲೆ ಮೂವತ್ತೆರಡು ಎಂದು ಹದಿನಾರರ ಮಗ್ಗಿ ಹೇಳಿ ನಮಗೆ ಲೆಕ್ಕ ಕಲಿಸಿದರು. ನನ್ನ ಹೆಂಡತಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಯಾವ ಅಂಗಡಿಗೆ ಹೋದರೂ ಒಂದು ಐಸಿ ನೋಟು, ಒಂದು ಎನ್‌ಸಿ ನೋಟು ಎರಡನ್ನೂ ತೋರಿಸಿ, ಯಾವುದರ ಕಡೆ ಅವರು ಕೈ ಮಾಡುತ್ತಾರೆ ಎಂದು ನೋಡುತ್ತಿದ್ದಳು. ಅವಳೊಬ್ಬಳು ಎಲ್ಲೂ ಮೋಸ ಹೋಗಲಿಲ್ಲ.

ಕಾಠ್ಮಂಡುವಿನ ಬಸ್ ಟಿಕೆಟಿಗೆ ಇನ್ನೂರು ಸಾಲದು. ಒಳಗಿನ ಜೇಬಿಗೆ ಕೈ ಹಾಕಬೇಕಾಯಿತು. ಆಗ ನನಗೆ ಬನಿಯನ್ನಿನ ಕಷ್ಟ ಪೂರ್ತಿ ಅರ್ಥವಾಯಿತು. ಅಂಗಿಯ ಗುಂಡಿ ಬಿಚ್ಚಬೇಕು, ಎಂಟು ಹುಕ್ಕು ಬಿಚ್ಚಬೇಕು, ಪಿನ್ನು ತೆಗೆಯಬೇಕು, ನೋಟು ಎಣಿಸಬೇಕು, ಎಲ್ಲವನ್ನೂ ತಿರುಗಿ ಹಾಕಿಕೊಳ್ಳಬೇಕು. ನಾಲ್ಕು ಜನರೆದುರು ಮಾಡುವ ಕೆಲಸ ಅಲ್ಲ. ಶೌಚಾಲಯ ಎಲ್ಲಿದೆ ಎಂದು ಕೇಳಿ ಹೋದೆ. ಬಾಗಿಲಲ್ಲಿ ಕುಳಿತವನು ಅವರ ಐದು ರೂಪಾಯಿ ತೆಗೆದುಕೊಂಡ.

ಅಲ್ಲಿಂದ ಮುಂದೆ ಅದೇ ನನ್ನ ಬ್ಯಾಂಕಾಯಿತು. ದಾರಿಯ ಊಟಕ್ಕೆ ಒಂದು ಸಲ, ಕಾಠ್ಮಂಡುವಿನಲ್ಲಿ ಟ್ಯಾಕ್ಸಿಗೆ ಒಂದು ಸಲ, ರುದ್ರಾಕ್ಷಿಗೆ ಒಂದು ಸಲ, ಉಣ್ಣೆಯ ಶಾಲಿಗೆ ಒಂದು ಸಲ. ಅಂಗಡಿಯವರು ಬೆಲೆ ಹೇಳಿದ ತಕ್ಷಣ ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಆ ಕಡೆ ಈ ಕಡೆ ನೋಡುತ್ತಿದ್ದೆ. ಉಳಿದ ಮೂವರು ಶಾಲು ಹಿಡಿದುಕೊಂಡು ಕಾಯುತ್ತಿದ್ದರು. ನಾನು ಹತ್ತು ನಿಮಿಷ ಬಿಟ್ಟು ಬಂದರೆ ಮೇಷ್ಟ್ರು, "ಇವತ್ತಿಗೆ ಮೂರು ಸಲ ಆಯ್ತು. ನಿಮ್ಮ ಬ್ಯಾಂಕಿನೋರು ಕಮಿಷನ್ ಜಾಸ್ತಿ ತಗೋತಾರೆ ಕಂಡಕ್ಟ್ರೇ" ಎನ್ನುತ್ತಿದ್ದರು.

ಅವರ ಕಾರ್ಡು ಮೊದಲ ದಿನವೇ ನಡೆದುಬಿಟ್ಟಿತ್ತು. ದೊಡ್ಡ ರಸ್ತೆಯ ಒಂದು ಬ್ಯಾಂಕಿನ ಮಿಷನ್ನಿನೊಳಗೆ ಹೋದವರು ಎರಡೇ ನಿಮಿಷದಲ್ಲಿ ಗರಿಗರಿ ನೇಪಾಳಿ ನೋಟುಗಳನ್ನು ಹಿಡಿದುಕೊಂಡು, ಮದುವೆಯ ಲಗ್ನಪತ್ರಿಕೆ ಕೊಡಲು ಬಂದವರಂತೆ ನಗುತ್ತ ಹೊರಬಂದರು. ನನಗೆ ಆ ನೋಟುಗಳನ್ನು ಮೂಸಿ ನೋಡಲು ಕೊಟ್ಟರು. "ಬೆವರಿನ ವಾಸ್ನೆ ಐತಾ ನೋಡಿ" ಎಂದರು.

ನಾವು ಇಳಿದುಕೊಂಡಿದ್ದು ಒಂದು ಗಲ್ಲಿಯ ಸಣ್ಣ ವಸತಿಗೃಹದಲ್ಲಿ. ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ನನ್ನ ಹಿಂದಿ ಹಾಸನದ ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಗಳ ಹತ್ತಿರ ಕಲಿತದ್ದು, ಬೆಲೆ ಕೇಳುವುದಕ್ಕೆ ಮತ್ತು ಜಗಳಕ್ಕೆ ಸಾಕಾಗುವಷ್ಟು. ದೀದಿ ದಿನದ ಬಾಡಿಗೆಯನ್ನು ಬೆಳಿಗ್ಗೆಯೇ ಮುಂಗಡ ಕೇಳುತ್ತಿದ್ದರು. ಕೇಳಿದ ಕೂಡಲೇ ನಾನು ಹೊಟ್ಟೆ ಹಿಡಿದುಕೊಂಡು ಮಹಡಿಯ ಕೊನೆಯಲ್ಲಿದ್ದ ಶೌಚಾಲಯಕ್ಕೆ ಓಡುತ್ತಿದ್ದೆ. ಎರಡನೆಯ ದಿನವೂ ಹಾಗೇ ಓಡಿ ಹೋಗಿ ದುಡ್ಡು ತಂದುಕೊಟ್ಟೆ. ಅವರು ನನ್ನ ಮುಖವನ್ನೇ ನೋಡಿ ಮರುಕದಿಂದ, "ಪೇಟ್ ಖರಾಬ್?" ಎಂದು ಕೇಳಿದರು. ಹೊಟ್ಟೆ ಕೆಟ್ಟಿದೆಯಾ ಎಂದು.

ಇಲ್ಲ ಎಂದರೆ ಮತ್ತೆ ಯಾಕೆ ಓಡುತ್ತೀಯ ಎಂದು ಹೇಳಬೇಕು. ಹೇಳಿದರೆ ಮೂರು ಕಟ್ಟಿನ ಗುಟ್ಟು ಬಯಲಾಗುತ್ತದೆ. "ಖರಾಬ್" ಎಂದುಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಉಳಿದವರ ತಟ್ಟೆಗೆ ಬಿಸಿ ಅನ್ನ, ಬೇಳೆಯ ಸಾರು, ಆಲೂಗೆಡ್ಡೆ ಪಲ್ಯ, ಮೂಲಂಗಿ ಉಪ್ಪಿನಕಾಯಿ ಬಂತು. ನನ್ನ ಮುಂದೆ ಒಂದು ಬಟ್ಟಲು ಬಂತು. ಅಕ್ಕಿ, ಹೆಸರುಬೇಳೆ ಹಾಕಿ ನುಣ್ಣಗೆ ಬೇಯಿಸಿದ ಗಂಜಿ. ಉಪ್ಪು ಇತ್ತೋ ಇಲ್ಲವೋ. ನಾನು ಪಲ್ಯದ ಕಡೆ ಕೈ ಚಾಚಿದೆ, ದೀದಿ ಪಾತ್ರೆಯನ್ನೇ ಆಚೆ ಸರಿಸಿದರು. ರಾತ್ರಿಯೂ ಗಂಜಿ. ಮಾರನೆಯ ದಿನ ಬೆಳಿಗ್ಗೆ ಎದುರು ಮನೆಯ ಫಳಾರದ ಅಂಗಡಿಗಾದರೂ ಹೋಗೋಣ ಎಂದು ಹೋದರೆ, ಅದನ್ನು ನಡೆಸುತ್ತಿದ್ದವರು ದೀದಿಯ ನಾದಿನಿ. ಅವರಿಗೆ ಸುದ್ದಿ ಮುಟ್ಟಿತ್ತು. ನನಗೊಂದು ಲೋಟ ಓಮದ ನೀರು ಕೊಟ್ಟು, ದುಡ್ಡು ಬೇಡವೆಂದು ಕೈಯಾಡಿಸಿ ಕಳಿಸಿದರು.

ರೂಮಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಕುಳಿತಿದ್ದಳು. ಆಮೇಲೆ, "ನಿಜಾ ಏಳ್ಬುಡಿ ಮತ್ತೆ" ಎಂದಳು.

"ಏಳೋದಾದ್ರೆ ಇಷ್ಟು ಗಂಜಿ ಯಾಕೆ ಕುಡೀಬೇಕಿತ್ತು?"

"ಅಂಗಾದ್ರೆ ಕುಡೀರಿ."

ಆ ದಿನ ಶುಕ್ರವಾರ. ಮೇಷ್ಟ್ರ ಹತ್ತಿರ ಗರಿಗರಿ ನೋಟು ಮುಗಿದಿದ್ದವು. ಸಾಯಂಕಾಲ ನಾಲ್ಕರ ಹೊತ್ತಿಗೆ ಎಲ್ಲರೂ ಮತ್ತೆ ಅದೇ ಮಿಷನ್ನಿಗೆ ಹೋದೆವು. ಮೇಷ್ಟ್ರು ಒಳಗೆ ಹೋಗಿ ಕಾರ್ಡು ಹಾಕಿದರು, ನಂಬರು ಒತ್ತಿದರು, ಕರೆಂಟು ಹೋಯಿತು. ರಸ್ತೆಯ ಎಲ್ಲ ಅಂಗಡಿಗಳ ದೀಪವೂ ಹೋಯಿತು. ಮೇಷ್ಟ್ರು ಕತ್ತಲಾದ ಗಾಜಿನ ಕೋಣೆಯೊಳಗೆ ಅಲುಗಾಡದೆ ನಿಂತರು. ಹತ್ತು ನಿಮಿಷದ ಮೇಲೆ ಕರೆಂಟು ಬಂದಾಗ ಮಿಷನ್ನು ಏನೂ ಆಗಿಲ್ಲದವರಂತೆ ಸ್ವಾಗತ ಎಂದು ತೋರಿಸಿ, ಕಾರ್ಡು ಹಾಕಿ ಎಂದು ಅವರನ್ನೇ ಕೇಳಿತು.

ಬಾಗಿಲಿನ ಕಾವಲುಗಾರ, ಬ್ಯಾಂಕು ಮುಚ್ಚಿದೆ, ನಾಳೆ ಶನಿವಾರ ರಜೆ, ಭಾನುವಾರ ಬನ್ನಿ ಎಂದ.

"ಶನಿವಾರ ರಜಾ ಕೊಟ್ಟು ಭಾನುವಾರ ಬಾಗ್ಲು ತೆಗೆಯೋದು ಯಾವ ಸೀಮೆ ಬ್ಯಾಂಕು?" ಎಂದು ಮೇಷ್ಟ್ರ ಹೆಂಡತಿ ಕಾವಲುಗಾರನನ್ನು ಕನ್ನಡದಲ್ಲೇ ಕೇಳಿದರು. ಅವನು ತಲೆಯಾಡಿಸಿದ.

ಮೇಷ್ಟ್ರು ಅಲ್ಲಿಂದ ಕದಲಲಿಲ್ಲ. ಮಿಷನ್ನಿನ ಮುಂದಿನ ಮೆಟ್ಟಿಲ ಮೇಲೆ ಕುಳಿತರು. ಬೇರೆಯವರು ಕಾರ್ಡು ಹಾಕಿದಾಗ ತಮ್ಮದು ಹೊರಗೆ ಬಂದು ಅವರ ಕೈಗೆ ಸಿಕ್ಕಿಬಿಟ್ಟರೆ ಎಂಬ ಭಯ. ಒಳಗೆ ಹೋಗಿ ಬಂದ ಪ್ರತಿಯೊಬ್ಬರನ್ನೂ ಎದ್ದು ನಿಂತು, ಪರೀಕ್ಷೆಯ ಹಾಲಿನಲ್ಲಿ ಕೇಳುವಂತೆ, ಒಂದು ಕಾರ್ಡು ಬಂತೋ ಎರಡು ಬಂತೋ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಒಬ್ಬ ಹುಡುಗಿ ಹೆದರಿ ತನ್ನ ಪರ್ಸು ತೆರೆದು ತೋರಿಸಿದಳು. ಆಮೇಲೆ ಕಾವಲುಗಾರ ಬಂದು ಅವರ ಪಕ್ಕದಲ್ಲಿ ಕುಳಿತು ಭುಜದ ಮೇಲೆ ಕೈ ಇಟ್ಟ.

"ಎದ್ದೇಳಿ ಅಣ್ಣ, ನಾನಿಲ್ವಾ?" ಎಂದೆ. ಆ ಮಾತು ಹೇಳುವಾಗ ನನಗೆ ಒಳಗೊಳಗೇ ಹಿಗ್ಗು. ಮೂವತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ನನ್ನ ಹೊಟ್ಟೆಯ ಮೇಲಿತ್ತು. ರೂಮಿಗೆ ಕರೆದುಕೊಂಡು ಬಂದು ಬಾಗಿಲು ಹಾಕಿ, ಮೂವರೆದುರು ಮೊದಲ ಬಾರಿಗೆ ಅಂಗಿ ಬಿಚ್ಚಿ, ಎಂಟೂ ಹುಕ್ಕು ಬಿಚ್ಚಿ, ಇನ್ನೂ ಮುಟ್ಟದಿದ್ದ ಕೆಳಗಿನ ಜೇಬಿನಿಂದ ಒಂದು ಕಟ್ಟನ್ನು ತೆಗೆದು ಹಾಸಿಗೆಯ ಮೇಲೆ ಇಟ್ಟೆ.

ನೋಟುಗಳು ಕೆಂಪಗಿದ್ದವು. ಮೇಲಿನ ಜೇಬಿನವಕ್ಕೆ ಅಂಚು ಮಾತ್ರ ಕೆಂಪಾಗಿತ್ತು, ಶೌಚಾಲಯದ ಮಬ್ಬಿನಲ್ಲಿ ನಾನು ಗಮನಿಸಿರಲಿಲ್ಲ. ಕೆಳಗಿನ ಜೇಬಿನವು, ರೈಲಿನ ಎರಡೂವರೆ ದಿನದ ಬೆವರೆಲ್ಲ ಇಳಿದು ನಿಂತ ಜಾಗದವು, ಲೈನಿಂಗಿನ ಬಣ್ಣ ಕುಡಿದು ದಾಸವಾಳದ ಬಣ್ಣಕ್ಕೆ ತಿರುಗಿದ್ದವು. ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಒದ್ದೆ ಹಪ್ಪಳದ ಹಾಗೆ ಬಳುಕುತ್ತಿದ್ದವು.

ಮೊದಲು ನಕ್ಕವರು ಮೇಷ್ಟ್ರು. ನಾಲ್ಕು ಗಂಟೆಯಿಂದ ಅವರ ಮುಖದಲ್ಲಿ ಇಲ್ಲದಿದ್ದ ಕಳೆ ಬಂತು. ಆಮೇಲೆ ಎಲ್ಲರೂ ಕುಳಿತು ನೋಟುಗಳನ್ನು ಒಂದೊಂದಾಗಿ ಬಿಡಿಸಿ ಹಾಸಿಗೆಯ ತುಂಬ ಹರಡಿದೆವು.

"ಬಣ್ಣ ಬಿಡ್ತದೆ ಅಂತ ಗೊತ್ತಿರ್ಲಿಲ್ವೇನೇ?" ಎಂದು ಅಕ್ಕ ತಂಗಿಯನ್ನು ಕೇಳಿದರು.

"ರವಿಕೆ ಆಕ್ಕಂಡ್ ಯಾರಾದ್ರೂ ಮೂರು ದಿನ ಒಲೆ ಮುಂದೆ ಕೂತ್ಕತಾರಾ ಅಕ್ಕ? ನಾನು ಒಲ್ದಿದ್ದು ಮನುಷ್ಯರು ಬಿಚ್ಚಿ ಒಗೀತಾರೆ ಅಂತ" ಎಂದಳು ನನ್ನ ಹೆಂಡತಿ.

ಮಾರನೆಯ ದಿನ ಬೆಳಿಗ್ಗೆ ದೀದಿ ಬಾಡಿಗೆ ಕೇಳಿದಾಗ ಇದ್ದುದರಲ್ಲಿ ಕಡಿಮೆ ಕೆಂಪಗಿದ್ದವನ್ನು ಆರಿಸಿ ಕೊಟ್ಟೆ. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಬೆರಳಿನಿಂದ ಉಜ್ಜಿದರು. ಬೆರಳು ಕೆಂಪಗಾಯಿತು. ನೋಟುಗಳನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟು ನನ್ನನ್ನು ನೋಡಿದರು. ಎರಡು ದಿನದಿಂದ ಇದ್ದ ಮರುಕ ಆ ನೋಟದಲ್ಲಿ ಇರಲಿಲ್ಲ. ಇವು ಕಳ್ಳನೋಟೋ, ಇನ್ನೇನು ಕೆಲಸ ಮಾಡಿ ತಂದದ್ದೋ ಎಂಬ ಅನುಮಾನ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಹಿಂದಿಯಲ್ಲಿ ಹೇಳಲು ಹೊರಟೆ. ಬೆವರು, ಬಣ್ಣ, ಲೈನಿಂಗು ಇವುಗಳಲ್ಲಿ ಒಂದಕ್ಕೂ ನನಗೆ ಹಿಂದಿ ಪದ ಗೊತ್ತಿರಲಿಲ್ಲ. ಮೇಷ್ಟ್ರು ಇಂಗ್ಲಿಷಿನಲ್ಲಿ ಶುರುಮಾಡಿದರು, ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಆಗ ನನ್ನ ಹೆಂಡತಿ ಮಹಡಿಗೆ ಹೋಗಿ ಬನಿಯನ್ನನ್ನು ತಂದಳು. ದೀದಿಯ ಮುಂದೆ ಮೇಜಿನ ಮೇಲೆ ಅದನ್ನು ಹರಡಿ, ಜೇಬುಗಳನ್ನು ಒಂದೊಂದಾಗಿ ತೋರಿಸಿ, ಕೆಂಪು ನೋಟೊಂದನ್ನು ಒಳಗೆ ತೂರಿಸಿ ತೆಗೆದಳು. ದೀದಿಗೆ ಅರ್ಧ ಅರ್ಥವಾದಂತಿತ್ತು. ಮಿಕ್ಕ ಅರ್ಧಕ್ಕೆ ನನ್ನ ಹೆಂಡತಿ ನನ್ನ ಅಂಗಿಯನ್ನು ಮುಂದಿನಿಂದ ಎತ್ತಿಬಿಟ್ಟಳು. ನನ್ನ ಹೊಟ್ಟೆ ಎದೆಯ ಕೆಳಗಿನಿಂದ ಹೊಕ್ಕುಳದವರೆಗೆ ನಾಲ್ಕು ಚೌಕದಲ್ಲಿ ಕೆಂಪಗಿತ್ತು.

ದೀದಿ ಹೊಟ್ಟೆಯನ್ನು ನೋಡಿದರು, ಬನಿಯನ್ನನ್ನು ನೋಡಿದರು, ಮಹಡಿಯ ಶೌಚಾಲಯದ ಕಡೆ ನೋಡಿದರು. "ಪೇಟ್ ಖರಾಬ್ ನಹೀ?" ಎಂದು ಕೇಳಿದರು.

"ನಹೀ" ಎಂದೆ.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನಗಲು ಶುರುಮಾಡಿದರು. ನಗುತ್ತಲೇ ನಾದಿನಿಯನ್ನು ಕೂಗಿದರು. ಆಕೆ ಬಂದು ವಿಷಯ ಕೇಳಿ, ಪುರಾವೆ ಬೇಕೆಂದರು. ನನ್ನ ಅಂಗಿ ಇನ್ನೊಮ್ಮೆ ಎತ್ತಲ್ಪಟ್ಟಿತು. ಆ ಮಧ್ಯಾಹ್ನ ನನ್ನ ತಟ್ಟೆಗೆ ಪಲ್ಯ ಎರಡು ಸಲ ಬಂತು, ಖಾರದ ಚಟ್ನಿ ಬಂತು. ನಾನು ಬಡಿಸಿದವರ ಮುಖ ನೋಡದೆ ತಿಂದೆ.

ನೋಟುಗಳ ಕಷ್ಟವನ್ನೂ ದೀದಿಯೇ ಬಗೆಹರಿಸಿದರು. ಅವರ ಸಂಬಂಧಿಕನೊಬ್ಬ ಬಟ್ಟೆ ಕೊಳ್ಳಲು ಆಗಾಗ ಗೋರಖಪುರಕ್ಕೆ ಹೋಗುತ್ತಿದ್ದ. ಅಲ್ಲಿಗೆ ಅವನಿಗೆ ನಮ್ಮ ನೂರರ ನೋಟೇ ಬೇಕು, ನಂಬರು ಕಾಣುವಂತಿದ್ದರೆ ಬಣ್ಣ ಯಾವುದಾದರೂ ಆಗಬಹುದಂತೆ. ಮೇಷ್ಟ್ರ ಹದಿನಾರರ ಮಗ್ಗಿಗೆ ಸರಿಯಾಗಿ, ಒಂದು ಪೈಸೆ ಕಮಿಷನ್ ಇಲ್ಲದೆ ಬದಲಾಯಿಸಿಕೊಟ್ಟ. ತೀರಾ ದಾಸವಾಳವಾಗಿದ್ದ ಹನ್ನೊಂದನ್ನು ಮಾತ್ರ ಹಿಂದಕ್ಕೆ ಕೊಟ್ಟ. ಅವನ್ನು ಊರಿಗೆ ತಂದು ನಮ್ಮ ಬ್ಯಾಂಕಿಗೆ ಕಟ್ಟಿದಾಗ ಅಲ್ಲಿನ ಕ್ಯಾಷಿಯರು, "ಏನ್ ಸಾ, ನೋಟೂ ಓಕುಳಿ ಆಡಿದ್ವಾ?" ಎಂದರು.

ಆದರೆ ದೀದಿಯ ಕಣ್ಣು ನೋಟಿನ ಮೇಲೆ ಇರಲಿಲ್ಲ. ಬನಿಯನ್ನಿನ ಮೇಲಿತ್ತು. ಅದನ್ನು ಒಳಗಡೆ ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ಹುಕ್ಕುಗಳನ್ನು ಎಳೆದು ನೋಡಿದರು. ಒಳಗೆ ಹೋಗಿ, ತಮ್ಮ ದರ್ಜಿ ಕೆಡಿಸಿದ್ದ ಒಂದು ಹೊಸ ರವಿಕೆಯನ್ನು ತಂದು ನನ್ನ ಹೆಂಡತಿಯ ಕೈಗಿಟ್ಟು, ತೋಳಿನ ಹತ್ತಿರ ಬಿಗಿ ಎಂದು ಅಭಿನಯ ಮಾಡಿ ತೋರಿಸಿದರು. ಅಡಿಗೆಮನೆಯ ಮೂಲೆಯಲ್ಲಿ ಕೈಯಲ್ಲಿ ತಿರುಗಿಸುವ ಒಂದು ಹಳೆಯ ಹೊಲಿಗೆ ಮಿಷನ್ನಿತ್ತು. ನನ್ನ ಹೆಂಡತಿ ಅದರ ಮೇಲಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ಕುಳಿತುಕೊಂಡಳು.

ಅವಳಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಮಾತಾಡಿದರು. ದೀದಿಯ ರವಿಕೆ ಆದ ಮೇಲೆ ನಾದಿನಿಯದು ಬಂತು, ಆಮೇಲೆ ಪಕ್ಕದ ಮನೆಯವರದು, ಆಮೇಲೆ ಹಾಲಿನವರ ಮನೆಯಿಂದ ಎರಡು. ಬೌದ್ಧನಾಥದ ಸ್ತೂಪ ನೋಡಲು ನಾವು ಮೂವರೇ ಹೋಗಿಬಂದೆವು. ಬಂದಾಗ ಅವಳ ಮುಂದೆ ನಾಲ್ಕು ಹೆಂಗಸರು ಕುಳಿತಿದ್ದರು, ಒಬ್ಬರು ಅವಳಿಗೆ ಟೀ ಹಿಡಿದುಕೊಂಡಿದ್ದರು. ಹೊಲಿಸಿಕೊಂಡವರೆಲ್ಲ ದುಡ್ಡು ಕೊಟ್ಟರು. ಮೊದಲು ಬೇಡವೆಂದಳಂತೆ. ದೀದಿ ಅವಳ ಮುಷ್ಟಿ ಬಿಡಿಸಿ ಇಟ್ಟರಂತೆ.

ಮೇಷ್ಟ್ರು ಅದನ್ನೆಲ್ಲ ನೋಡಿ, "ನಾವು ಊರಿಂದ ತಂದಿದ್ದ ಖರ್ಚು ಮಾಡಾಕೆ ಒದ್ದಾಡ್ತಾ ಇದೀವಿ. ನಿಮ್ಮನೆಯೋರು ಇಲ್ಲೇ ದುಡೀತಾ ಅವ್ರೆ" ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ.

ಭಾನುವಾರ ನಾನು ಅವರ ಜೊತೆ ಬ್ಯಾಂಕಿಗೆ ಹೋದೆ. ಅಧಿಕಾರಿ ಅವರ ವೋಟಿನ ಕಾರ್ಡಿನ ಫೋಟೋವನ್ನೂ ಮುಖವನ್ನೂ ಬಹಳ ಹೊತ್ತು ಹೋಲಿಸಿ ನೋಡಿದ. ಆ ಫೋಟೋ ಅವರ ಮನೆಯವರಿಗೇ ಗುರುತು ಸಿಗುವಂಥದ್ದಲ್ಲ. ಕೊನೆಗೆ ಒಳಗಿನಿಂದ ಒಂದು ಲಕೋಟೆ ತಂದ. ಮಿಷನ್ನಿನಲ್ಲಿ ಉಳಿದ ಬೇರೆ ಬ್ಯಾಂಕಿನ ಕಾರ್ಡನ್ನು ಯಾರೂ ಬಳಸದಂತೆ ಕತ್ತರಿಸಬೇಕು, ಅದು ನಿಯಮ ಎಂದ. ಲಕೋಟೆಯಲ್ಲಿ ಎರಡು ತುಂಡಿತ್ತು.

ಮೇಷ್ಟ್ರು ಒಂದೊಂದು ಕೈಯಲ್ಲಿ ಒಂದೊಂದು ತುಂಡು ಹಿಡಿದುಕೊಂಡು ಹೊರಗೆ ಬಂದರು. ಮೆಟ್ಟಿಲ ಮೇಲೆ ಅದೇ ಕಾವಲುಗಾರ ಇದ್ದ, ನೋಡಿ ತಲೆ ತಗ್ಗಿಸಿದ. ಇಷ್ಟು ದಿನ ನಾನು ಈ ಗಳಿಗೆಗೇ ಕಾದಿದ್ದೆ ಎನ್ನಬೇಕು, ಹೇಳಲು ಎರಡು ಮೂರು ಮಾತು ಕೂಡ ಸಿದ್ಧ ಮಾಡಿಕೊಂಡಿದ್ದೆ. ಅವನ್ನು ಬಿಟ್ಟು ಪಕ್ಕದ ಅಂಗಡಿಯಲ್ಲಿ ಟೀ ಹೇಳಿದೆ. ಅವರು ಅರ್ಧ ಲೋಟ ಕುಡಿದು, "ಊರಲ್ಲಿ ಯಾರ್ಗೂ ಏಳ್ಬ್ಯಾಡಿ ಕಂಡಕ್ಟ್ರೇ" ಎಂದರು.

"ನನ್ನ ಗಂಜಿ ವಿಷ್ಯ ನೀವು ಏಳ್ಬಾರ್ದು ಮತ್ತೆ."

"ಆಯ್ತು" ಎಂದರು.

ಹೊರಡುವ ದಿನ ಬೆಳಿಗ್ಗೆ ನನ್ನ ಹೆಂಡತಿ ನನ್ನೊಬ್ಬನನ್ನೇ ಕರೆದುಕೊಂಡು ಪೇಟೆಗೆ ಹೋದಳು. ಕಬ್ಬಿಣದ ಸಾಮಾನಿನ ಒಂದು ಅಂಗಡಿಯನ್ನು ಅವಳು ಮೊದಲೇ ನೋಡಿಟ್ಟಿದ್ದಳು. ಅಲ್ಲಿ ಉದ್ದನೆಯ, ಭಾರದ, ಬಟ್ಟೆ ಕತ್ತರಿಸುವ ಒಂದು ಕತ್ತರಿಯನ್ನು ಇಳಿಸಲು ಹೇಳಿ, ತನ್ನ ಕರ್ಚೀಫಿನ ಮೂಲೆಯನ್ನು ಅದಕ್ಕೆ ಕೊಟ್ಟು ಪರೀಕ್ಷೆ ಮಾಡಿದಳು. ಅಂಗಡಿಯವನು ಬೆಲೆ ಹೇಳಿದ. ನನ್ನ ಕೈ ತಾನಾಗಿಯೇ ಹೊಟ್ಟೆಯ ಕಡೆ ಹೋಯಿತು.

"ನೀವ್ ಸುಮ್ಕೆ ನಿಂತ್ಕಳಿ" ಎಂದಳು.

ಅವಳು ಕನ್ನಡದಲ್ಲಿ, ಅವನು ನೇಪಾಳಿಯಲ್ಲಿ ಚೌಕಾಸಿ ಮಾಡಿದರು. ಒಮ್ಮೆ ಅವಳು ಅಂಗಡಿ ಬಿಟ್ಟು ಇಳಿದು ನಾಲ್ಕು ಹೆಜ್ಜೆ ನಡೆದಳು, ಅವನು ಕೂಗಿ ಕರೆದ. ನಾನೂರು ಎನ್‌ಸಿಗೆ ವ್ಯಾಪಾರ ಮುಗಿಯಿತು. ಕೈಯಲ್ಲಿದ್ದ ಸಣ್ಣ ಪರ್ಸಿನಿಂದ, ಎಲ್ಲರೆದುರು, ಎಲ್ಲಿಗೂ ಓಡದೆ ತೆಗೆದುಕೊಟ್ಟಳು. ಕತ್ತರಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಚೀಲದ ತಳದಲ್ಲಿ ಇಟ್ಟಳು.

ಬಸ್ಸಿನಲ್ಲಿ ಅಕ್ಕ ಬೆಲೆ ಕೇಳಿದಾಗ ಮುನ್ನೂರೈವತ್ತು ಎಂದಳು. ಗೋರಖಪುರದ ಪ್ಲಾಟ್‌ಫಾರ್ಮಿನಲ್ಲಿ ಯಾರಿಗೋ ಹೇಳುವಾಗ ಮುನ್ನೂರು ಆಗಿತ್ತು. ಹೊಳೆನರಸೀಪುರಕ್ಕೆ ಬಂದ ಮೇಲೆ ರವಿಕೆ ಹೊಲಿಸಲು ಬಂದವರೆಲ್ಲ ಕತ್ತರಿಯನ್ನು ಎತ್ತಿ ನೋಡಿ ಎಷ್ಟಕ್ಕೆ ತಂದಿರಿ ಎಂದು ಕೇಳುತ್ತಿದ್ದರು. ಆ ವರ್ಷದ ಗೌರಿ ಹಬ್ಬದ ಹೊತ್ತಿಗೆ ಅದು ನೂರೈವತ್ತಕ್ಕೆ ಇಳಿದಿತ್ತು. ನಾನು ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದೆ, ಬೆಲೆಯ ಮಾತು ಬಂದಾಗ ಹಾಳೆ ತಿರುಗಿಸುತ್ತಿದ್ದೆ.